ಜಿಂಕೆ ಬೇಟೆಗೆ ಎರಕದ ಸೀಸದ ಗುಂಡು ಕೊಳ್ಳುವವರೇ, ಅಳತೆ ನೋಡದೆ ದುಡ್ಡು ಕಳಿಸಬೇಡಿ

ಇದನ್ನ ಬರೆಯೋದೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ನಾಚಿಕೆ ಆಗುತ್ತೆ. ಆದರೆ ಮೊನ್ನೆ, ನನಗೆ ಸುಳ್ಳು ಅಳತೆ ಹೇಳಿ ಗುಂಡು ಮಾರಿದ ಮನುಷ್ಯ ಅದೇ ಫೋಟೋ ಹಾಕಿ, ಅದೇ ಸುಳ್ಳು ಅಳತೆ ಬರೆದು ಮತ್ತೆ ಮಾರಾಟಕ್ಕೆ ಇಟ್ಟಿದ್ದು ಕಣ್ಣಿಗೆ ಬಿತ್ತು. ಇನ್ನು ಸುಮ್ನೆ ಇರೋಕೆ ಆಗಲ್ಲ.

ನಾನು ಕೊಡಗಿನವನು. ಹನ್ನೊಂದು ವರ್ಷದಿಂದ ಒಹಾಯೋದ ಕೊಲಂಬಸ್ ಹತ್ತಿರ ಇದ್ದೇನೆ. ಇಲ್ಲಿ ಲೈಸೆನ್ಸು, ಜಿಂಕೆ ಪರ್ಮಿಟ್ಟು, ಜಮೀನಿನವರ ಕೈಬರಹದ ಒಪ್ಪಿಗೆ ಇದ್ದರೆ ಬೇಟೆ ಆಡಬಹುದು. ಊರಲ್ಲಿ ಇರೋರು ಇದನ್ನ ಓದಿ ಹುರುಪು ಮಾಡಬೇಡಿ, ಅಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಜಿಂಕೆ ಹೊಡೆದರೆ ಜೈಲು. ಕ್ಯಾಲಿಫೋರ್ನಿಯಾದವರಿಗೂ ಇದರಿಂದ ಉಪಯೋಗ ಇಲ್ಲ, 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡೇ ಇಲ್ಲ.

ನನ್ನ ಹತ್ತಿರ ಇರೋದು .44 ಮ್ಯಾಗ್ನಮ್ ರಿವಾಲ್ವರ್, ಏಳೂವರೆ ಇಂಚಿನ ನಳಿಗೆ. ಒಹಾಯೋದಲ್ಲಿ ಕೈಬಂದೂಕಿನಿಂದ ಜಿಂಕೆ ಹೊಡೆಯಬೇಕಾದರೆ ನಳಿಗೆ ಕನಿಷ್ಠ 5 ಇಂಚು ಇರಬೇಕು, ತೋಟಾ ಕುತ್ತಿಗೆ ಇಲ್ಲದ ನೆಟ್ಟಗಿನದು, .357 ಇಂಚು ಅಥವಾ ಅದಕ್ಕಿಂತ ದಪ್ಪ ಆಗಿರಬೇಕು. ಅದೆಲ್ಲ ಸರಿ ಇತ್ತು. ತೋಟಾ ನಾನೇ ತುಂಬಿಕೊಳ್ಳುತ್ತೇನೆ. ತಾಮ್ರದ ಹೊದಿಕೆಯ ಗುಂಡಿನ ಬೆಲೆ ಏರ್ತಾನೇ ಇದೆ, ಅದಕ್ಕೆ ಈ ಸಲ ಎರಕದ ಗುಂಡು ನೋಡೋಣ ಅನ್ನಿಸಿತು. ಎರಕದ ಗುಂಡು ಕೆಟ್ಟದ್ದು ಅಂತ ನಾನು ಖಂಡಿತ ಹೇಳುತ್ತಿಲ್ಲ. .44 ಮ್ಯಾಗ್ನಮ್ ಬರಲಿ ಅಂತ ಹಟ ಹಿಡಿದ ಅಮೆರಿಕದ ಬೇಟೆ ಬರಹಗಾರ ಎಲ್ಮರ್ ಕೀತ್ ರಿವಾಲ್ವರಿಗೆ ಎರಕದ ಗುಂಡನ್ನೇ ಮೆಚ್ಚಿಕೊಂಡವರು. ಅವರ ವಿನ್ಯಾಸದ ಲೈಮನ್ ಕಂಪನಿಯ 429421 ನಂಬರಿನ ಅಚ್ಚಿನ ಗುಂಡು, ಅಗಲವಾದ ಚಪ್ಪಟೆ ಮೂತಿ, ಮೂತಿಯ ಬುಡದಲ್ಲಿ ಚೂಪಾದ ಅಂಚಿನ ಭುಜ, ತೂಕ ಸುಮಾರು 250 ಗ್ರೇನ್ (16 ಗ್ರಾಂ), ಇವತ್ತಿಗೂ ಹತ್ತಿರದ ಜಿಂಕೆಗೆ ಬೇಕಾದಷ್ಟಾಯಿತು. ಸರಿಯಾಗಿ ಮಾಡಿದ್ದರೆ.

ಸೆಪ್ಟೆಂಬರಿನಲ್ಲಿ ಒಂದು ಗನ್ ಶೋದಲ್ಲಿ, ಅಂದರೆ ಬಂದೂಕು, ಗುಂಡು ಮಾರೋ ಸಂತೆಯಲ್ಲಿ, ಈತ ಸಿಕ್ಕಿದ. ಅರವತ್ತು ದಾಟಿದ ಮನುಷ್ಯ, ಮಾತು ಬೆಣ್ಣೆ. ಮೇಜಿನ ಮೇಲೆ ಇಟ್ಟಿದ್ದ ಮಾದರಿ ಗುಂಡು ನೋಡಿದೆ, ಎಷ್ಟು ಚೆನ್ನಾಗಿತ್ತು ಅಂದರೆ ಭುಜದ ಅಂಚು ಬೆರಳಿಗೆ ಚುಚ್ಚುತ್ತಿತ್ತು. ಕೀತ್ ಮಾದರಿ, 250 ಗ್ರೇನ್, ಡೈ ಅನ್ನೋ ಸಾಧನದಲ್ಲಿ ಒತ್ತಿ 0.431 ಇಂಚು ಅಗಲಕ್ಕೆ ತಂದದ್ದು, ಗಾಡಿ ಚಕ್ರದ ಸಮತೋಲಕ್ಕೆ ಹಾಕೋ ತೂಕದ ಬಿಲ್ಲೆಗಳ ಸೀಸ, ಬ್ರಿನೆಲ್ ಅಳತೆಯಲ್ಲಿ ಗಡಸು 12 ಬಿಎಚ್‌ಎನ್, ಇಷ್ಟನ್ನೂ ಅವನೇ ಬಾಯಿಬಿಟ್ಟು ಹೇಳಿದ. 500 ಗುಂಡಿಗೆ 75 ಡಾಲರ್, ಅಂಚೆ ಖರ್ಚು 15. ಈಗ ಸ್ಟಾಕ್ ಇಲ್ಲ, ಮನೆಗೆ ಕಳಿಸ್ತೀನಿ, ದುಡ್ಡು ಮಾತ್ರ ಗೆಳೆಯರಿಗೆ ಕಳಿಸೋ ಥರ ಕಳಿಸು, ಇಲ್ಲಾಂದ್ರೆ ನನಗೆ ಕಮಿಷನ್ ಹೋಗುತ್ತೆ ಅಂದ. ಹಾಗೆ ಕಳಿಸಿದರೆ ದುಡ್ಡು ವಾಪಸ್ ಕೇಳೋಕೆ ದಾರಿ ಇಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದೆ.

ಮೂರು ವಾರಕ್ಕೆ ಎಂಟು ಕಿಲೋ ಹತ್ತಿರದ ಡಬ್ಬಿ ಬಂತು. ತೆಗೆದು ನೋಡಿದೆ. ಮೂತಿ ಸ್ವಲ್ಪ ಗುಂಡಗೆ ಕಾಣಿಸಿತು, ಭುಜವೂ ಅಷ್ಟು ಚೂಪಿಲ್ಲ. ಗ್ಯಾರೇಜಿನ ದೀಪದ ಬೆಳಕಿಗೆ ಹಾಗೆ ಕಾಣ್ತಿರಬೇಕು ಅಂದುಕೊಂಡೆ. ಕೈಗೆ ಎಟುಕೋ ಜಾಗದಲ್ಲಿ ಮೈಕ್ರೋಮೀಟರ್ ಇತ್ತು. ತೆಗೆಯಲಿಲ್ಲ. ಇದನ್ನ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಹದವಾಗಿ ಮದ್ದು ಹಾಕಿ, ಸೆಕೆಂಡಿಗೆ 1,050 ಅಡಿ ಆಸುಪಾಸು ಬರೋ ಹಾಗೆ ಐವತ್ತು ತೋಟಾ ತುಂಬಿದೆ. ರೇಂಜಿನಲ್ಲಿ ಮೊದಲ ಹನ್ನೆರಡು ಈಡು ಚೆನ್ನಾಗೇ ಬಿತ್ತು. 25 ಗಜಕ್ಕೆ ಮೂರು ಇಂಚೊಳಗೆ. ಆಮೇಲೆ ಶುರುವಾಯಿತು. ನಾಲ್ಕು ಇಂಚು, ಆರು ಇಂಚು, ಕೊನೆಗೆ ಒಂದು ಈಡು ಕಾಗದಕ್ಕೇ ಬೀಳಲಿಲ್ಲ. ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಸೀಸ ಮೆತ್ತಿದೆ, ಬರ್ಫಿ ಮೇಲೆ ಬೆಳ್ಳಿ ಹಾಳೆ ಅಂಟಿಸಿರ್ತಾರಲ್ಲ ಹಾಗೆ, ಪಟ್ಟಿ ಪಟ್ಟಿಯಾಗಿ ಹೊಳೀತಿದೆ.

ಅವನಿಗೆ ಮೆಸೇಜ್ ಮಾಡಿದೆ. ಫೋಟೋ ಸಮೇತ. ಬಂದ ಉತ್ತರ: "ನಿನ್ನ ಗನ್ ಹೊಸದು ಅನ್ಸುತ್ತೆ, ಇನ್ನೂ ನಯ ಆಗಿಲ್ಲ. ಇನ್ನೊಂದು ಇನ್ನೂರು ಹೊಡಿ." ನನ್ನದು ಆರು ವರ್ಷ ಹಳೇದು ಅಂದೆ. "ಹಾಗಾದ್ರೆ ಮದ್ದು ಜಾಸ್ತಿ ಹಾಕಿದೀಯ." ಮದ್ದು ಜಾಸ್ತಿ ಇಲ್ಲ ಅಂದೆ. "ನಲವತ್ತು ವರ್ಷದಿಂದ ಎರಕ ಹೊಯ್ತಿದೀನಿ, ಯಾರೂ ದೂರು ಹೇಳಿಲ್ಲ." ಯಾರೂ ದೂರು ಹೇಳಿಲ್ಲ! ಈ ಮಾತನ್ನ ನಾಲ್ಕು ಸಲ ಹೇಳಿದ, ನಾಲ್ಕು ಸಲ. ಕೊನೆಗೆ ನನಗೇ ಅನುಮಾನ ಬಂತು, ನನ್ನದೇ ತಪ್ಪಿರಬೇಕು ಅಂತ. ತಾಮ್ರದ ಎಳೆಯ ಪಾತ್ರೆ ಉಜ್ಜೋ ಗುಂಜನ್ನ ಬ್ರಷ್ಷಿಗೆ ಸುತ್ತಿ, ಕೈಗೆ ಗ್ಲೌಸ್ ಹಾಕಿ, ಎರಡು ಸಂಜೆ ಕೂತು ನಳಿಗೆ ಉಜ್ಜಿದೆ. ಬೇಟೆಗೆ ಒಂದೋ ಎರಡೋ ಈಡು ತಾನೇ, ನಳಿಗೆ ಶುದ್ಧ ಇದ್ದರೆ ಮೊದಲ ಈಡುಗಳು ನೆಟ್ಟಗೆ ಹೋಗುತ್ತಲ್ಲ ಅಂತ ಸಮಾಧಾನ ಮಾಡಿಕೊಂಡೆ. ಹೊರಡೋಕೆ ಮೊದಲು ಗುರಿ ನೋಡಿಕೊಳ್ಳೋಣ ಅಂತ ಆರು ಹೊಡೆದು, ಮತ್ತೆ ಉಜ್ಜದೇ ಹೊರಟೆ. ಈ ತಪ್ಪು ನನ್ನದು. ಒಪ್ಪಿಕೊಳ್ಳುತ್ತೇನೆ.

ಥ್ಯಾಂಕ್ಸ್‌ಗಿವಿಂಗ್ ಕಳೆದ ಸೋಮವಾರ ಇಲ್ಲಿ ಬಂದೂಕಿನ ಸೀಸನ್ ಶುರು. ಬುಧವಾರ ಸಂಜೆ ಒಂದು ಹೆಣ್ಣು ಜಿಂಕೆ ಓಕ್ ಮರಗಳ ಮಧ್ಯೆ ನಿಂತಿತು, 35 ಗಜ, ಪೂರ್ತಿ ಅಡ್ಡಕ್ಕೆ. ಇದಕ್ಕಿಂತ ಸುಲಭದ ಈಡು ಸಿಗಲ್ಲ. ಭುಜದ ಹಿಂದೆ ಗುರಿ ಇಟ್ಟು ಹೊಡೆದೆ. ಅದು ಬೆನ್ನು ಬಗ್ಗಿಸಿ ಒಂದು ಹಾರು ಹಾರಿ ಓಡಿತು. ಬೆನ್ನು ಬಗ್ಗಿಸಿದ ತಕ್ಷಣ ಗೊತ್ತಾಯಿತು, ಪೆಟ್ಟು ಹಿಂದೆ ಬಿದ್ದಿದೆ ಅಂತ.

ಗಂಟೆಗಟ್ಟಲೆ ಕಾದು ಟಾರ್ಚ್ ಹಿಡಿದು ಹುಡುಕಿದೆ. ರಕ್ತವೇ ಇಲ್ಲ. ಒಂದು ಓಕ್ ಎಲೆ ಮೇಲೆ ಸಾಸಿವೆ ಗಾತ್ರದ ಎರಡು ಹನಿ, ಅಷ್ಟೇ. ಆ ಎಲೆ ಹಿಡಿದುಕೊಂಡು ಅಲ್ಲೇ ಕೂತೆ. ನಮ್ಮ ತಾತ ಹೇಳ್ತಿದ್ದದ್ದು ಒಂದೇ ಮಾತು, ಕೋವಿ ಎತ್ತೋಕೆ ಮೊದಲು ಹುಡುಕೋಕೆ ತಯಾರಿರು ಅಂತ. ರಾತ್ರಿ ಹನ್ನೊಂದರವರೆಗೆ ಹುಡುಕಿದೆ. ಬೆಳಿಗ್ಗೆ ಜಮೀನಿನ ಅಜ್ಜನೂ ಬಂದರು, ಎಪ್ಪತ್ತೆಂಟು ವರ್ಷದವರು, ಮಂಡಿ ನೋವು ಇಟ್ಟುಕೊಂಡು. ಹಳ್ಳದ ಪಕ್ಕ ಅವರಿಗೇ ಸಿಕ್ಕಿತು. ಅರ್ಧ ಕೊಯೋಟೆಗಳು, ಇಲ್ಲಿನ ತೋಳದ ಜಾತಿಯವು, ತಿಂದಿದ್ದವು. ಒಳಗೆ ಹೋದ ತೂತು, ಹೊರಗೆ ಬಂದ ತೂತು, ಎರಡೂ ಒಂದೇ ಸಮ, ಕಿರುಬೆರಳಿನಷ್ಟು. ನಾನಿಟ್ಟ ಗುರಿಗಿಂತ ಅಂಗೈ ಅಗಲ ಹಿಂದೆ. ಗುಂಡು ಅರಳಿಯೇ ಇಲ್ಲ, ಸೂಜಿ ಚುಚ್ಚಿದ ಹಾಗೆ ದಾಟಿ ಹೋಗಿದೆ. ಅಜ್ಜ ಏನೂ ಬೈಯಲಿಲ್ಲ. "ಏನು ಹಾಕಿದ್ದೆ ಮಗಾ ಇದಕ್ಕೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆವತ್ತು ಮನೆಗೆ ಬಂದು ಬಟ್ಟೆನೂ ಬದಲಾಯಿಸದೆ ಗ್ಯಾರೇಜಿಗೆ ಹೋದೆ. ರಿವಾಲ್ವರಿನಿಂದ ತೋಟಾ ಕೂರೋ ಸಿಲಿಂಡರ್ ಬಿಚ್ಚಿ ಕೈಯಲ್ಲಿ ಹಿಡಿದು, ಮುಂದಿನ ಬಾಯಿಗೆ, ಅಂದರೆ ಗುಂಡು ನಳಿಗೆಗೆ ಹೊರಡೋ ತೂತಿಗೆ, ಒಂದು ಗುಂಡು ಇಟ್ಟೆ. ಸರಿಯಾದ ಗುಂಡಾದರೆ ಅಲ್ಲಿ ಬಿಗಿಯಾಗಿ ನಿಲ್ಲಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಮಾತ್ರ ಜಾರಬೇಕು. ನಿಲ್ಲಲೇ ಇಲ್ಲ. ಆ ಕಡೆಯಿಂದ ಹೊರಗೆ ಬಂದು ಮೇಜಿನ ಮೇಲೆ ಟಕ್ ಅಂತ ಬಿತ್ತು. ಎರಡನೇ ಬಾಯಿ, ಟಕ್. ಮೂರನೇದು, ಟಕ್. ಆರೂ ಹಾಗೇ. ಆ ಸದ್ದು ಇನ್ನೂ ಕಿವಿಯಲ್ಲಿದೆ. ಆಗ ಮೈಕ್ರೋಮೀಟರ್ ತೆಗೆದೆ. 0.4285. ಇನ್ನೊಂದು, 0.429. ನನ್ನ ಸಿಲಿಂಡರಿನ ಬಾಯಿ 0.431. ತೂಕ ಹಾಕಿದರೆ 238, 243, 240. ಒಂದೂ 250 ಇಲ್ಲ.

ಗೆಳೆಯನ ಹತ್ತಿರ ಗಡಸು ನೋಡೋ ಉಪಕರಣ ಇತ್ತು. 12 ಅಲ್ಲ, 21. ಚಕ್ರದ ತೂಕದ ಸೀಸವೇ ಅಲ್ಲ ಇದು. ಇನ್ನೊಂದು ಗುಂಡು ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದೆ. ಮೆದು ಸೀಸ ಚಪ್ಪಾತಿ ಆಗಬೇಕು, ಇದು ಸೀಳಿ ಎರಡು ಹೋಳಾಯಿತು. ಹಳೇ ಪ್ರೆಸ್ಸುಗಳಲ್ಲಿ ಅಚ್ಚಿನ ಸಾಲು ಎರೆಯುತ್ತಿದ್ದರಲ್ಲ, ಲೈನೋಟೈಪ್, ಆ ಲೋಹ. ಸೀಸಕ್ಕೆ ನೂರಕ್ಕೆ 12 ಪಾಲು ಆಂಟಿಮನಿ, 4 ಪಾಲು ತವರ. ಅದಕ್ಕೇ ತೂಕ ಕಡಿಮೆ, ಅದಕ್ಕೇ ಗಡಸು. ಅಷ್ಟು ಗಡಸಾದ ಗುಂಡು ನನ್ನಂಥ ಹದವಾದ ಮದ್ದಿನ ಒತ್ತಡಕ್ಕೆ ಉಬ್ಬಿ ನಳಿಗೆ ತುಂಬಿಕೊಳ್ಳಲ್ಲ. ಮೇಲೆ ಅಳತೆಯೂ ಸಣ್ಣ. ಸಂದಿಯಲ್ಲಿ ಬಿಸಿ ಗಾಳಿ ನುಗ್ಗಿ ಗುಂಡಿನ ಪಕ್ಕ ಕರಗಿಸಿ ನಳಿಗೆಗೆ ಮೆತ್ತುತ್ತೆ. ನಳಿಗೆ ಮೆತ್ತಿದ ಮೇಲೆ ಗುರಿ ಎಲ್ಲಿಂದ ಬರಬೇಕು?

ಇಷ್ಟನ್ನೂ ಫೋಟೋ ತೆಗೆದು ಕಳಿಸಿದೆ. ಉತ್ತರ ನೋಡಿ. "429ಕ್ಕೇ ನಾನು ಎಲ್ಲರಿಗೂ ಮಾಡೋದು, ನನ್ನ ಹತ್ತಿರ ಇರೋ ಡೈ ಅದೊಂದೇ." ಮತ್ತೆ 431 ಅಂತ ಯಾಕೆ ಹೇಳಿದೆ? "ಇಂಚಿನ ಸಾವಿರದಲ್ಲಿ ಎರಡು ಪಾಲು ಜಿಂಕೆಗೆ ಗೊತ್ತಾಗುತ್ತಾ?" ಮೂತಿ ಗುಂಡಗೆ ಇದೆಯಲ್ಲ, ಮೇಜಿನ ಮೇಲೆ ಇಟ್ಟಿದ್ದು ಬೇರೆ ಅಲ್ವಾ ಅಂದೆ. "ಅದು ಮಾದರಿ." ಮಾದರಿ ಅಂತೆ! ಗಡಸು ವಿಷಯ ಕೇಳಿದ್ದಕ್ಕೆ, "ಗಟ್ಟಿ ಇದ್ದಷ್ಟೂ ಒಳ್ಳೇದು, ಈ ಕಡೆಯಿಂದ ಆ ಕಡೆಗೆ ಪಾರಾಗುತ್ತೆ." ಪಾರಾಯಿತು ನಿಜ. ಅದೇ ತಾನೇ ಆಗಿದ್ದು. ದುಡ್ಡು ಬೇಡ, ತಪ್ಪಾಯಿತು ಅಂತ ಹೇಳು, ಜಾಹೀರಾತು ತಿದ್ದು ಸಾಕು ಅಂದೆ. ನನ್ನ ನಂಬರ್ ಬ್ಲಾಕ್ ಮಾಡಿದ.

ನನಗೆ ಸುಟ್ಟಿರೋದು 90 ಡಾಲರ್ ಅಲ್ಲ. ಆ ಅಜ್ಜನ ಮುಂದೆ ತಲೆ ತಗ್ಗಿಸಿ ನಿಂತಿದ್ದು, ಆ ಪ್ರಾಣಿ ರಾತ್ರಿಯೆಲ್ಲ ಎಲ್ಲೋ ಬಿದ್ದು ಒದ್ದಾಡಿದ್ದು. ನಲವತ್ತು ವರ್ಷದ ಅನುಭವ ಅಂದವನನ್ನ ನಂಬಿ ನನ್ನ ಕಣ್ಣನ್ನೇ ನಂಬದೇ ಹೋದೆನಲ್ಲ, ಅದು.

ಕೊಳ್ಳೋರು ಇಷ್ಟು ಮಾಡಿ. ನಿಮ್ಮ ಸಿಲಿಂಡರಿನ ಬಾಯಿ ಅಳೆಸಿಕೊಳ್ಳಿ, ನಳಿಗೆಯಲ್ಲಿ ಮೆದು ಸೀಸದ ತುಂಡು ದೂಡಿ ಅದನ್ನೂ ಅಳೆಯಿರಿ. ಐನೂರು ಕೊಳ್ಳೋ ಮೊದಲು ಇಪ್ಪತ್ತು ಕೇಳಿ, ಕೊಡದವನ ಹತ್ತಿರ ಹೋಗಲೇಬೇಡಿ. ಬಂದ ದಿನವೇ ಸಿಲಿಂಡರಿನ ಬಾಯಿಗೆ ಇಟ್ಟು ನೋಡಿ, ಜಾರಿ ಬಿದ್ದರೆ ವಾಪಸ್. ಗುಂಡು ಅರಳಲ್ಲ ಅಂತಾದರೆ ಮೂತಿಯಾದರೂ ಅಗಲ ಇರಲೇಬೇಕು. ಗೆಳೆಯರಿಗೆ ಕಳಿಸೋ ಥರ ದುಡ್ಡು ಕಳಿಸು ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಅವನ ಹೆಸರು ಇಲ್ಲಿ ಹಾಕಲ್ಲ. ಕೊಲಂಬಸ್ ಸುತ್ತ ಮುತ್ತ ಗನ್ ಶೋದಲ್ಲಿ ನೀಲಿ ಮೇಣ ಹಚ್ಚಿದ ಸೀಸದ ಗುಂಡು, ಮೇಜಿನ ಮೇಲೆ ಚೂಪು ಭುಜದ ಒಂದೇ ಒಂದು ಮಾದರಿ, ಸ್ಟಾಕ್ ಮನೆಯಲ್ಲಿದೆ ಅನ್ನೋ ಮಾತು, ಈ ಮೂರೂ ಒಟ್ಟಿಗೆ ಕಂಡರೆ ಜೇಬಿಗೆ ಕೈ ಹಾಕಬೇಡಿ. ನನ್ನ ಹತ್ತಿರ ಇನ್ನೂ ನಾನೂರ ಚಿಲ್ಲರೆ ಗುಂಡು ಉಳಿದಿವೆ. ಯಾರಿಗೂ ಮಾರಲ್ಲ, ಕೊಡೋದೂ ಇಲ್ಲ. ಎರಕ ಹೊಯ್ಯೋ ಗೆಳೆಯ ಬೇಸಿಗೆಯಲ್ಲಿ ಮೆದು ಸೀಸ ಸೇರಿಸಿ ಕರಗಿಸ್ತೀನಿ ಅಂದಿದ್ದಾನೆ. ಅಲ್ಲಿವರೆಗೆ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ "0.4285" ಅಂತ ಬರೆದು ಗ್ಯಾರೇಜಿನ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ.