ಒಂದೇ ದಿಣ್ಣೆ, ನಾಲ್ಕು ಸೈಕಲ್: ಮಂಡಿ ಮತ್ತು ಉಸಿರಿನ ಲೆಕ್ಕದಲ್ಲಿ ಒಂದು ಹೋಲಿಕೆ

ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದ ಆವತಿ, ಕೆಂಪೇಗೌಡರ ವಂಶದ ಹಿರಿಯರು ಬಂದು ನೆಲೆಸಿದ ಊರೆಂದು ಚರಿತ್ರೆ ಓದಿದವರಿಗೆ ಗೊತ್ತಿರುತ್ತದೆ. ಮೌಂಟನ್ ಬೈಕ್ ತುಳಿಯುವ ನಮ್ಮಂಥವರಿಗೆ ಅದು ಬಂಡೆ, ಬಂಡಿಜಾಡು ಮತ್ತು ಮಳೆನೀರು ಕೊರೆದ ಕೊರಕಲುಗಳ ಊರು. ಆ ಬೆಟ್ಟದ ಆಸುಪಾಸಿನಲ್ಲಿ ನಾನು ಆರಿಸಿಕೊಂಡಿರುವ ಸುತ್ತು 11 ಕಿಲೋಮೀಟರಿನದು. ಅದರಲ್ಲಿ ನೀಲಗಿರಿ ತೋಪಿನಿಂದ ಬಂಡೆಯ ನೆತ್ತಿಯವರೆಗಿನ ಸುಮಾರು 600 ಮೀಟರ್ ದಿಣ್ಣೆಯೇ ನಿಜವಾದ ಪರೀಕ್ಷೆ. ಅಷ್ಟು ದೂರದಲ್ಲಿ ದಾರಿ 55 ಮೀಟರ್ ಮೇಲೇರುತ್ತದೆ. ಕಳೆದ ನವೆಂಬರಿನಿಂದ ಫೆಬ್ರವರಿಯವರೆಗೆ ಈ ಒಂದೇ ಸುತ್ತಿನಲ್ಲಿ ನಾಲ್ಕು ಬಗೆಯ ಸೈಕಲ್‌ಗಳನ್ನು ತುಳಿದು ನೋಡಿದೆ. ಯಾವುದು ವೇಗವಾಗಿ ಹೋಗುತ್ತದೆ ಎಂಬುದು ನನ್ನ ಪ್ರಶ್ನೆಯಾಗಿರಲಿಲ್ಲ. ಯಾವುದು ನನ್ನನ್ನು ಸಾಕಷ್ಟು ನಿಧಾನವಾಗಿ ಹತ್ತಲು ಬಿಡುತ್ತದೆ, ಬೇಕೆಂದ ಕಡೆ ನಿಲ್ಲಲು ಬಿಡುತ್ತದೆ ಎಂಬುದಷ್ಟೇ ನನಗೆ ಬೇಕಿತ್ತು.

ಈ ಪ್ರಶ್ನೆಗೆ ಕಾರಣ ನನ್ನ ದೇಹ. ನನಗೀಗ 56 ವರ್ಷ, ತೂಕ 58 ಕೆ.ಜಿ., ಎತ್ತರ 5 ಅಡಿ 2 ಅಂಗುಲ. ಬಲ ಮಂಡಿಚಿಪ್ಪಿನ ಹಿಂಬದಿಯ ಮೃದ್ವಸ್ಥಿ ಸವೆದಿದೆ, ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತೇನೆ. ಸೈಕಲ್ ತುಳಿಯಬಹುದು, ಆದರೆ ಏದುಸಿರು ಬರುವಷ್ಟು ಬೇಡ, ಮಂಡಿಯ ಮೇಲೆ ಭಾರ ಹಾಕಿ ತುಳಿಯುವುದು ಬೇಡ ಎಂದು ನನ್ನ ವೈದ್ಯರು ಹೇಳಿದ್ದಾರೆ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರು ಒಂದು ವಿಷಯವನ್ನು ಮುಖ್ಯವಾಗಿ ತಿಳಿದಿರಬೇಕು. 220ರಿಂದ ವಯಸ್ಸನ್ನು ಕಳೆದು ನಾಡಿಬಡಿತದ ಮಿತಿಯನ್ನು ಗುರುತಿಸುವ ಲೆಕ್ಕ ನಮಗೆ ಹೊಂದುವುದಿಲ್ಲ. ಮಾತ್ರೆ ಬಡಿತವನ್ನೇ ತಗ್ಗಿಸಿರುವುದರಿಂದ, ಕೈಗಡಿಯಾರದಲ್ಲಿ ಕಾಣುವ ಸಂಖ್ಯೆ ಕಡಿಮೆಯಿದ್ದರೂ ದೇಹ ಆಗಲೇ ತನ್ನ ಮಿತಿಯನ್ನು ಮುಟ್ಟಿರಬಹುದು. ಆದಕಾರಣ ನಾನು ಗಡಿಯಾರವನ್ನು ಬಿಟ್ಟು ಮಗ್ಗಿಯನ್ನು ಹಿಡಿದೆ. ಏರಿನಲ್ಲಿ ಹದಿಮೂರರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತೇನೆ. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು, ಇವೆರಡನ್ನು ಒಂದೇ ಉಸಿರಿಗೆ ಹೇಳಲಾದರೆ ಮುಂದುವರಿಯುವುದು. ಎರಡನೆಯದರ ನಡುವೆ ಉಸಿರು ಕಡಿದರೆ ಗೇರ್ ಇಳಿಸುವುದು. ಇಳಿಸಲು ಗೇರೇ ಉಳಿದಿರದಿದ್ದರೆ ಸೈಕಲ್ಲಿನಿಂದ ಕೆಳಗಿಳಿಯುವುದು. ನಾಲ್ಕೂ ಸೈಕಲ್‌ಗಳಿಗೆ ಇದೇ ನಿಯಮ, ಇದೇ ಬೆಳಗಿನ ಆರೂವರೆ ಗಂಟೆ, ಹೊಟ್ಟೆಯಲ್ಲಿ ಇವೇ ಎರಡು ಬಾಳೆಹಣ್ಣು.

ಮೊದಲನೆಯದು ಮನೆಯಲ್ಲೇ ಇದ್ದ ಹಳೆಯ ಸೈಕಲ್. 26 ಅಂಗುಲದ ಚಕ್ರ, ಮುಂದೆ ಮೂರು ಹಲ್ಲುಚಕ್ರ, ಹಿಂದೆ ಎಂಟು ಗೇರ್, ರಿಮ್ಮನ್ನು ಒತ್ತಿ ಹಿಡಿಯುವ ಹಳೆಯ ಬಗೆಯ ಬ್ರೇಕ್, ಮುಂಚಕ್ರವನ್ನು ಹಿಡಿದಿರುವ ಸ್ಪ್ರಿಂಗಿನ ಕವಲು, ಎಂದರೆ ಫೋರ್ಕ್. ಈ ಸೈಕಲ್ ದಿಣ್ಣೆ ಹತ್ತುವುದರಲ್ಲಿ ನಾನು ಎಣಿಸಿದ್ದಕ್ಕಿಂತ ಬಹಳ ಚೆನ್ನಾಗಿತ್ತು, ಇಳಿಯುವುದರಲ್ಲಿ ಬಹಳ ಕೆಟ್ಟದಾಗಿತ್ತು. ಸ್ಪ್ರಿಂಗನ್ನು ನನಗಿಂತ ಭಾರದವರನ್ನು ಮನಸ್ಸಿನಲ್ಲಿಟ್ಟು ಮಾಡಿರಬೇಕು. ನಾನು ಕುಳಿತರೆ ಫೋರ್ಕ್ ಅಲುಗುವುದೇ ಇಲ್ಲ, ಕಲ್ಲಿನ ಪ್ರತಿಯೊಂದು ಪೆಟ್ಟೂ ನೇರವಾಗಿ ಮಣಿಕಟ್ಟಿಗೆ ಬರುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ನಾಲ್ಕೂ ಬೆರಳಿನಿಂದ ಹಿಂಡಿ ಹಿಡಿಯಬೇಕಾಗಿದ್ದರಿಂದ ಹ್ಯಾಂಡಲ್ ಮೇಲೆ ಹಿಡಿತವೇ ಉಳಿಯುತ್ತಿರಲಿಲ್ಲ. ಸುತ್ತು ಮುಗಿಯುವಷ್ಟರಲ್ಲಿ ಮಂಡಿ ಸರಿಯಾಗಿಯೇ ಇರುತ್ತಿತ್ತು, ಅಂಗೈ ಜೋಮು ಹಿಡಿದಿರುತ್ತಿತ್ತು.

ಎರಡನೆಯದು ಹೊಸದಾಗಿ ಕೊಂಡ ಹಾರ್ಡ್‌ಟೇಲ್, ಎಂದರೆ ಮುಂದೆ ಮಾತ್ರ ಶಾಕ್ ಇದ್ದು ಹಿಂಬದಿ ಗಟ್ಟಿಯಾಗಿರುವ ಸೈಕಲ್. 29 ಅಂಗುಲದ ಚಕ್ರ, ಗಾಳಿ ತುಂಬುವ ಫೋರ್ಕ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ ಶಿಮಾನೊ ಕಂಪನಿಯ ಡಿಯೋರ್‌ನ 10ರಿಂದ 51 ಹಲ್ಲಿನ ಹನ್ನೆರಡು ಗೇರ್. ದೊಡ್ಡ ಚಕ್ರ ಕಲ್ಲನ್ನು ಓರೆಯಾದ ಕೋನದಲ್ಲಿ ಮುಟ್ಟಿ ಅದರ ಮೇಲೆ ಉರುಳಿ ಹೋಗುತ್ತದೆ ಎಂದು ಓದಿದ್ದೆ, ಆವತಿಯ ಬಂಡೆಯ ಮೇಲೆ ಅದು ನಿಜವೆಂದು ಕೈಗೇ ತಿಳಿಯಿತು. ಫೋರ್ಕಿನ ಗಾಳಿಯನ್ನು ನನ್ನ ತೂಕಕ್ಕೆ ಹೊಂದಿಸಿ, ಸೀಟಿನ ಮೇಲೆ ಕುಳಿತಾಗ ಅದು ತಾನು ಕುಸಿಯಬಲ್ಲ ಒಟ್ಟು ಉದ್ದದ ಐದನೆಯ ಒಂದು ಭಾಗದಷ್ಟು ಕುಸಿಯುವಂತೆ ಮಾಡಿದ ಮೇಲೆ, ಅಂಗೈಯ ಜೋಮು ನಿಂತೇಹೋಯಿತು. ಒಂದೇ ಬೆರಳಿನಲ್ಲಿ ಬ್ರೇಕ್ ಹಿಡಿಯಬಹುದು, ಉಳಿದ ಬೆರಳುಗಳು ಹ್ಯಾಂಡಲ್ ಬಿಡುವುದಿಲ್ಲ.

ಆದರೂ ದಿಣ್ಣೆಯಲ್ಲಿ ಮಾತ್ರ ಈ ಹೊಸ ಸೈಕಲ್ ಹಳೆಯದಕ್ಕೆ ಸೋತಿತು. ಹಳೆಯದರಲ್ಲಿ ಎರಡು ಬಾರಿ ಇಳಿಯುತ್ತಿದ್ದ ಏರಿನಲ್ಲಿ ಇದರಲ್ಲಿ ನಾಲ್ಕು ಬಾರಿ ಇಳಿಯಬೇಕಾಯಿತು, ಮಾರನೆಯ ದಿನ ಮಂಡಿ ಸಣ್ಣಗೆ ಮಿಡಿಯತೊಡಗಿತು. ಹಿಂದಿನ ಗೇರಿನಲ್ಲಿ ಹಲ್ಲು ಹೆಚ್ಚಿದಷ್ಟೂ ಏರು ಹಗುರವಾಗಬೇಕು, 51 ಹಲ್ಲಿನ ಅಷ್ಟು ದೊಡ್ಡ ಗೇರ್ ಇದ್ದೂ ಹೀಗೇಕೆ ಎಂದು ಲೆಕ್ಕ ಹಾಕಿ ನೋಡಿದೆ. ಹಳೆಯ ಸೈಕಲ್ಲಿನಲ್ಲಿ ಮುಂದೆ 22, ಹಿಂದೆ 34 ಹಲ್ಲು ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಅದು ಸುಮಾರು 1.34 ಮೀಟರ್ ಮುಂದೆ ಹೋಗುತ್ತದೆ. ಹೊಸದರಲ್ಲಿ ಮುಂದೆ 32, ಹಿಂದೆ 51 ಇದ್ದಾಗ ಹಲ್ಲುಗಳ ಅನುಪಾತವೇನೋ ಕಡಿಮೆಯೇ, ಆದರೆ ಚಕ್ರ ದೊಡ್ಡದಾದ್ದರಿಂದ ಒಂದು ಸುತ್ತಿಗೆ ಸುಮಾರು 1.45 ಮೀಟರ್ ಹೋಗುತ್ತದೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಹಳೆಯದು ಗಂಟೆಗೆ 4.8 ಕಿಲೋಮೀಟರ್, ಹೊಸದು 5.2 ಕಿಲೋಮೀಟರ್. ಯುವಕರಿಗೆ ಇದು ಲೆಕ್ಕಕ್ಕಿಲ್ಲದ ವ್ಯತ್ಯಾಸ. ಮಿತಿಯ ಅಂಚಿನಲ್ಲಿ ತುಳಿಯುವವರಿಗಾದರೋ ಉಸಿರು ಕಡಿಯುವುದಕ್ಕೂ ಕಡಿಯದಿರುವುದಕ್ಕೂ ನಡುವೆ ಇರುವುದು ಇಷ್ಟೇ ಅಂತರ. ಅಂಗಡಿಯಲ್ಲಿ ಮುಂದಿನ 32 ಹಲ್ಲಿನ ಚಕ್ರವನ್ನು ತೆಗೆಸಿ 30 ಹಲ್ಲಿನದನ್ನು ಹಾಕಿಸಿದೆ. ಈಗ ಒಂದು ಸುತ್ತಿಗೆ 1.36 ಮೀಟರ್ ಹೋಗುತ್ತದೆ, ಹಳೆಯದಕ್ಕೆ ಹೆಚ್ಚುಕಡಿಮೆ ಸಮ. ದಿಣ್ಣೆಯಲ್ಲಿ ಇಳಿಯುವುದು ಮತ್ತೆ ಎರಡಕ್ಕೆ ಬಂತು, ಮಂಡಿಯೂ ಸುಮ್ಮನಾಯಿತು. ಸಪಾಟು ರಸ್ತೆಯಲ್ಲಿ ಮೇಲಿನ ವೇಗ ತುಸು ಕಡಿಮೆಯಾಗಿರಬೇಕು. ನಾನು ಆ ವೇಗವನ್ನು ಎಂದೂ ಬಳಸಿದವಳಲ್ಲ.

ಇದೇ ಸೈಕಲ್ಲಿಗೆ ಹಾಕಿಸಿದ ಇನ್ನೊಂದು ವಸ್ತುವಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದು ಡ್ರಾಪರ್ ಪೋಸ್ಟ್. ಹ್ಯಾಂಡಲಿನ ಬಳಿಯ ಒಂದು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಕುಳಿತರೆ ಸೀಟು ಕೆಳಗಿಳಿಯುತ್ತದೆ, ಭಾರ ಬಿಟ್ಟು ಒತ್ತಿದರೆ ಮೇಲೇಳುತ್ತದೆ. ಇಳಿಜಾರಿನಲ್ಲಿ ಸಾಹಸ ಮಾಡುವವರಿಗೆ ಬೇಕಾದದ್ದೆಂದು ಇದನ್ನು ಸಾಮಾನ್ಯವಾಗಿ ಮಾರುತ್ತಾರೆ, ಆದರೆ ಇದರ ಹೆಚ್ಚಿನ ಪ್ರಯೋಜನ ನನ್ನಂಥವರಿಗೇ ಇದೆಯೆಂದು ನಾನು ನಂಬಿದ್ದೇನೆ. ಸೀಟು ತಗ್ಗಿನಲ್ಲಿದ್ದರೆ ತುಳಿಯುವಾಗ ಮಂಡಿ ಹೆಚ್ಚು ಮಡಚಿ ಮಂಡಿಚಿಪ್ಪಿನ ಮೇಲೆ ಒತ್ತಡ ಏರುತ್ತದೆ, ಆದ್ದರಿಂದ ಸೀಟು ಎತ್ತರದಲ್ಲಿರಬೇಕು. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗುವಷ್ಟು ಎತ್ತರ ಎಂಬುದು ಸುಲಭದ ಅಳತೆ. ಆದರೆ ಅಷ್ಟು ಎತ್ತರದಲ್ಲಿ ಕುಳಿತ ನನಗೆ ಏರಿನ ನಡುವೆ ಉಸಿರು ಕಡಿದರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಪಕ್ಕಕ್ಕೆ ವಾಲಿ, ಕೆಟ್ಟಿರುವ ಬಲಗಾಲಿನ ಮೇಲೆಯೇ ಧೊಪ್ಪನೆ ಭಾರ ಬೀಳುತ್ತದೆ. ಹಳೆಯ ಸೈಕಲ್ಲಿನಿಂದ ಹಾಗೆ ಎರಡು ಸಲ ಬಿದ್ದಿದ್ದೇನೆ. ಈಗ ಮಗ್ಗಿ ತಡವರಿಸತೊಡಗಿದ ಕೂಡಲೇ ಸೀಟಿನಿಂದ ತುಸುವೂ ಏಳದೆಯೇ ಗುಂಡಿಯನ್ನು ಒತ್ತುತ್ತೇನೆ, ನಾಲ್ಕು ಅಂಗುಲ ಕೆಳಗೆ ಬರುತ್ತೇನೆ, ಎಡಗಾಲನ್ನು ಸಮಾಧಾನವಾಗಿ ನೆಲಕ್ಕೂರುತ್ತೇನೆ. ನಿಲ್ಲುವುದು ಸುಲಭವೆಂದು ಗೊತ್ತಾದ ಮೇಲೆ ಹತ್ತುವ ಧೈರ್ಯವೂ ಬಂದಿದೆ.

ಹಾಗೆ ನಿಂತಿದ್ದ ಒಂದು ಬೆಳಿಗ್ಗೆ, ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು, “ಯಾಕಮ್ಮ, ಗಾಡಿ ಕೆಟ್ಟೋಯ್ತಾ?” ಎಂದು ಕೇಳಿದರು. “ಇಲ್ಲ ತಾತ, ಉಸಿರು ತಗೊಳ್ತಿದೀನಿ” ಎಂದೆ. “ನಾವೂ ಇದೇ ದಿಣ್ಣೇಲಿ ಗಾಲಿಗೆ ಕಲ್ಲು ಕೊಟ್ಟು ಎತ್ತಿಗೆ ಉಸಿರು ಬಿಡಿಸ್ತಿದ್ವಿ” ಎಂದು ಹೇಳಿ, ಆ ಕಲ್ಲು ಕೊಡುತ್ತಿದ್ದ ಜಾಗವನ್ನೂ ಕೋಲಿನಿಂದ ತೋರಿಸಿದರು. ನಾನು ಎರಡನೆಯ ಸಲ ಇಳಿಯುವ ತಿರುವಿಗೂ ಆ ಜಾಗಕ್ಕೂ ಹತ್ತು ಮಾರಿನಷ್ಟೂ ದೂರವಿರಲಿಲ್ಲ.

ಮೂರನೆಯದು ಬಾಡಿಗೆಗೆ ತಂದ ಫುಲ್ ಸಸ್ಪೆನ್ಷನ್, ಮುಂದೆಯೂ ಹಿಂದೆಯೂ ಶಾಕ್ ಇರುವಂಥದ್ದು. ಬಂಡೆಯ ಇಳಿಜಾರಿನಲ್ಲಿ ಇದರಷ್ಟು ಸುಖ ಬೇರೆ ಯಾವುದೂ ಕೊಡಲಿಲ್ಲ. ಸೊಂಟನೋವು ಇರುವವರಿಗೆ ಇದನ್ನು ಮೊದಲು ತುಳಿದು ನೋಡಿ ಎಂದು ಹೇಳುತ್ತೇನೆ. ಆದರೆ ಭಾರ ಹೆಚ್ಚು, ಏರಿನಲ್ಲಿ ಹಿಂದಿನ ಶಾಕನ್ನು ಬಿಗಿ ಮಾಡಲು ಮರೆತರೆ ಕಾಲಿನ ಬಲದ ಒಂದು ಪಾಲು ಅದರ ಏಳುಬೀಳಿನಲ್ಲೇ ಕಳೆದುಹೋಗುತ್ತದೆ, ಶಾಕಿನ ಸರ್ವೀಸ್ ಖರ್ಚೂ ಬೇರೆ. ನನ್ನ ತೊಂದರೆ ಇರುವುದು ಏರಿನಲ್ಲೇ ಹೊರತು ಇಳಿಜಾರಿನಲ್ಲಲ್ಲವಾದ್ದರಿಂದ ಎರಡು ಭಾನುವಾರಕ್ಕೇ ಇದನ್ನು ಹಿಂದಿರುಗಿಸಿದೆ.

ನಾಲ್ಕನೆಯದು ಎಲೆಕ್ಟ್ರಿಕ್ ಸೈಕಲ್. ನನ್ನ ಮಂಡಿಯ ವಿಷಯ ತಿಳಿದವರೆಲ್ಲ ಮೊದಲು ಸೂಚಿಸಿದ್ದು ಇದನ್ನೇ, ನಾನೂ ಹೆಚ್ಚು ಆಸೆ ಇಟ್ಟುಕೊಂಡಿದ್ದು ಇದರ ಮೇಲೆಯೇ. ಗೆಳತಿಯೊಬ್ಬಳಿಂದ ಮೂರು ವಾರಕ್ಕೆ ಎರವಲು ತಂದ ಆ ಸೈಕಲ್ಲಿಗೆ ಹಿಂಚಕ್ರದಲ್ಲಿ 250 ವ್ಯಾಟ್ ಮೋಟಾರು, ಸುಮಾರು 360 ವ್ಯಾಟ್-ಗಂಟೆಯ ಬ್ಯಾಟರಿ. ಗಂಟೆಗೆ 25 ಕಿಲೋಮೀಟರ್ ಮುಟ್ಟಿದ ಮೇಲೆ ಮೋಟಾರು ನಿಲ್ಲುತ್ತದೆ. ನಮ್ಮ ದೇಶದ ನಿಯಮದಲ್ಲಿ ಈ ಬಲ ಮತ್ತು ಈ ವೇಗದ ಮಿತಿಯೊಳಗಿನವಕ್ಕೆ ನೋಂದಣಿ ಬೇಕಿಲ್ಲ. ಹಳ್ಳಿಯ ಮಣ್ಣುರಸ್ತೆಯಲ್ಲಿ, ರಾಗಿ ಕೊಯ್ದ ಹೊಲಗಳ ನಡುವೆ ಅದರ ಮೇಲೆ ಹೋದ ಬೆಳಗುಗಳನ್ನು ನಾನು ಮರೆಯಲಾರೆ. ಜ್ವರದಿಂದ ಎದ್ದ ವಾರದಲ್ಲೂ ಹೋಗಲು ಸಾಧ್ಯವಾದದ್ದು, ಮಗಳ ಜೊತೆಯಲ್ಲಿ ಅವಳದೇ ವೇಗದಲ್ಲಿ ಮಾತಾಡುತ್ತ ಸಾಗಲು ಸಾಧ್ಯವಾದದ್ದು ಈ ಸೈಕಲ್ಲಿನಿಂದಲೇ. ಮಂಡಿಗೆ ಒಂದು ದಿನವೂ ನೋವಾಗಲಿಲ್ಲ.

ಆದರೆ ದಿಣ್ಣೆಯಲ್ಲಿ ಅದರ ಗುಣ ಬೇರೆ. ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಎಂಬುದನ್ನಷ್ಟೇ ನೋಡುವ ಸೆನ್ಸರ್ ಅದರದು. ನಾನು ಎಷ್ಟು ಒತ್ತಿ ತುಳಿಯುತ್ತಿದ್ದೇನೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಪೆಡಲ್ ತಿರುಗಿದ ಅರೆಕ್ಷಣದ ಮೇಲೆ ಮೋಟಾರು ಒಮ್ಮೆಗೇ ನೂಕುತ್ತದೆ, ನಿಲ್ಲಿಸಿದ ಅರೆಕ್ಷಣದ ಮೇಲೆ ನೂಕುವುದನ್ನು ಬಿಡುತ್ತದೆ. ಎರಡು ಬಂಡೆಗಳ ನಡುವಿನ ಸಂದಿನಲ್ಲಿ, ಚಕ್ರವನ್ನು ಗೇಣು ಗೇಣಾಗಿ ಸರಿಸಬೇಕಾದ ಕಡೆ, ಆ ನೂಕು ನನ್ನನ್ನು ಪಕ್ಕದ ಲಂಟಾನ ಪೊದೆಗೆ ಒಯ್ದು ಹಾಕಿತು. ಇನ್ನೂ ಒಂದು ಮಾತಿದೆ. ಹಿಂಚಕ್ರದ ಮೋಟಾರಿಗೆ ಚಕ್ರ ತಿರುಗುವ ವೇಗವೇ ಅದರ ವೇಗ. ಕಡಿದಾದ ಏರಿನಲ್ಲಿ ಗಂಟೆಗೆ ಐದು ಕಿಲೋಮೀಟರಿನಂತೆ ತೆವಳಿದರೆ ಅದು ಬಲ ಕೊಡುವುದಕ್ಕಿಂತ ಬಿಸಿಯಾಗುವುದೇ ಹೆಚ್ಚು, ಅದು ತಂಪಾಗಿರಬೇಕೆಂದರೆ ನಾನು ವೇಗವಾಗಿ ಹೋಗಬೇಕು, ವೇಗವಾಗಿ ಹೋಗಲು ದಾರಿ ಬಿಡುವುದಿಲ್ಲ. ಇಳಿದು ತಳ್ಳಬೇಕಾಗಿ ಬಂದಾಗ ಅದರ 23 ಕೆ.ಜಿ. ತೂಕ ಪೂರ್ತಿಯಾಗಿ ನನ್ನ ಕೈಯ ಮೇಲೆ ಬೀಳುತ್ತದೆ, ಮಗ್ಗಿಯ ಪರೀಕ್ಷೆಯಲ್ಲಿ ನಾನು ತೀರಾ ಕೆಟ್ಟದಾಗಿ ಸೋತದ್ದು ತುಳಿಯುವಾಗ ಅಲ್ಲ, ಇದನ್ನು ತಳ್ಳುವಾಗ. ಪೆಡಲಿನ ಒತ್ತಡವನ್ನೇ ಅಳೆದು ಅದಕ್ಕೆ ತಕ್ಕಷ್ಟು ಬಲ ಕೊಡುವ, ಮೋಟಾರು ಪೆಡಲಿನ ಅಚ್ಚಿನ ಬಳಿಯೇ ಇರುವ ಮಾದರಿಗಳಲ್ಲಿ ಚೈನು ಮತ್ತು ಗೇರಿನ ಮೂಲಕವೇ ಬಲ ಹಾಯುವುದರಿಂದ ಈ ತೊಡಕು ಇರುವುದಿಲ್ಲ, ಆದರೆ ಬೆಲೆ ಲಕ್ಷಗಳಲ್ಲಿದೆ. ನಾನು ಹೇಳುತ್ತಿರುವುದು ಹಿಂಚಕ್ರದ ಮೋಟಾರಿಗಷ್ಟೇ ಅನ್ವಯಿಸುತ್ತದೆ.

ಟಯರಿನ ಗಾಳಿಯ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಟ್ಯೂಬ್ ತೆಗೆಸಿ ಟ್ಯೂಬ್‌ಲೆಸ್ ಮಾಡಿಸಿದ ಮೇಲೆ ನನ್ನ ತೂಕಕ್ಕೆ ಮುಂದೆ 19, ಹಿಂದೆ 21 ಪಿ.ಎಸ್.ಐ. ಸಾಕಾಗುತ್ತಿದೆ. ಸಡಿಲ ಜಲ್ಲಿಯಲ್ಲಿ ಹಿಂಚಕ್ರ ಜಾರುವುದು ನಿಂತಿರುವುದರಿಂದ ಅದೇ ಏರಿಗೆ ಕಡಿಮೆ ಉಸಿರು ಖರ್ಚಾಗುತ್ತದೆ. ಖರ್ಚಿಗೆ ಹೋಲಿಸಿದರೆ 30 ಹಲ್ಲಿನ ಚಕ್ರದ ನಂತರ ಇದಕ್ಕೇ ಎರಡನೆಯ ಸ್ಥಾನ.

ನಾಲ್ಕನ್ನೂ ಪಕ್ಕಪಕ್ಕಕ್ಕಿಟ್ಟು ನೋಡಿದ ಮೇಲೆ ನಾನು ಇಟ್ಟುಕೊಂಡಿರುವುದು 30 ಹಲ್ಲಿನ ಚಕ್ರ ಹಾಕಿದ ಹಾರ್ಡ್‌ಟೇಲನ್ನು. ಇದೇ ಎಲ್ಲರಿಗೂ ಸರಿಯೆಂದು ಹೇಳುವುದಿಲ್ಲ. ಬಂಡೆಗೆ ಹೋಗದೆ ಮಣ್ಣುರಸ್ತೆ ಮತ್ತು ತೋಟದ ದಾರಿಗಳಲ್ಲೇ ಸುಖಪಡುವವರಿಗೆ, ಇಲ್ಲವೇ ಬಲಶಾಲಿಗಳಾದ ಮನೆಯವರ ಜೊತೆಗೆ ಹೋಗುವ ಆಸೆಯುಳ್ಳವರಿಗೆ ಎಲೆಕ್ಟ್ರಿಕ್ ಸೈಕಲ್ಲೇ ಒಳ್ಳೆಯದು. ಹೃದಯದ ತೊಂದರೆ ಇರುವವರು ಯಾವುದನ್ನು ಆರಿಸುವ ಮೊದಲೂ ತಮ್ಮ ವೈದ್ಯರನ್ನು ಕೇಳಲೇಬೇಕು. ಮೋಟಾರು ಇದ್ದಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸಿ ಒಬ್ಬರೇ ದೂರ ಹೋಗುವುದು, ಬ್ಯಾಟರಿ ಮುಗಿದ ಜಾಗದಿಂದ ಅದನ್ನು ತಳ್ಳಿಕೊಂಡು ಬರಬೇಕಾಗಿ ಬಂದರೆ, ಮೋಟಾರಿಲ್ಲದ ಸೈಕಲ್ಲಿಗಿಂತ ಹೆಚ್ಚು ಕಷ್ಟಕ್ಕೆ ಒಡ್ಡುತ್ತದೆ. ಅಂಗಡಿಯಲ್ಲಿ ಎಷ್ಟು ಗೇರ್ ಎಂದು ಕೇಳುವ ಬದಲು, ತೀರಾ ಕೆಳಗಿನ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಅಳೆದು ನೋಡಿ. ನನಗೆ 1.4 ಮೀಟರ್ ದಾಟಬಾರದು. ನಿಮ್ಮದು ನಿಮ್ಮ ದಿಣ್ಣೆಯಲ್ಲಿ ಗೊತ್ತಾಗುತ್ತದೆ.

ಹಳೆಯ 26 ಅಂಗುಲದ ಸೈಕಲ್ಲನ್ನು ಮಾರಿಲ್ಲ. ಫೋರ್ಕಿನ ಗಟ್ಟಿತನ ಸಪಾಟು ನೆಲದಲ್ಲಿ ಕಾಡುವುದಿಲ್ಲವಾದ್ದರಿಂದ, 61 ವರ್ಷದ ನಮ್ಮ ಅಕ್ಕ ಈಗ ಅದನ್ನು ಊರಿನ ಕೆರೆ ಏರಿಯ ಮೇಲೆ ತುಳಿಯುತ್ತಾಳೆ. ತೂಬಿನಿಂದ ಕೋಡಿಯವರೆಗೆ ಹೋಗಿ, ಕೋಡಿಯ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತು, ಮತ್ತೆ ತೂಬಿಗೆ ಬರುತ್ತಾಳೆ. ಅವಳಿಗಾಗಿ ಸೀಟನ್ನು ಒಂದು ಅಂಗುಲ ಮೇಲಕ್ಕೆ ಏರಿಸಿಕೊಟ್ಟಿದ್ದೇನೆ.