ಪ್ರಿನ್ಸೆಸ್ ಸ್ಟ್ರೀಟ್‌ನ ಲ್ಯಾಬ್ ಸಾಮಾನಿನ ಅಂಗಡಿ: ನನ್ನ ಗುಗ್ಗುಳದ ಕೆಲಸಕ್ಕೆ ಒದಗಿದ ಗಾಜು

ಗುಗ್ಗುಳ ಎಂಬ ಔಷಧಿ ಪೊದೆಯ ಅಂಟಿನಿಂದ ಗುಗ್ಗುಲ್‌ಸ್ಟೆರೋನ್ ಎಂಬ ಸ್ಟೀರಾಯ್ಡ್ ಬೇರ್ಪಡಿಸುವುದು ನನ್ನ ಪಿಎಚ್‌ಡಿ ಕೆಲಸ. ಕಾಲಮ್ (ಮಿಶ್ರಣ ಬೇರ್ಪಡಿಸುವ ಉದ್ದನೆಯ ಗಾಜಿನ ಕೊಳವೆ), ಅದರೊಳಗೆ ತುಂಬುವ ಸಿಲಿಕಾ ಜೆಲ್ ಪುಡಿ, ಬೇರ್ಪಟ್ಟಿದೆಯೇ ಎಂದು ನೋಡುವ ಟಿಎಲ್‌ಸಿ ಪ್ಲೇಟ್ ಎಲ್ಲ ಮುಂಬೈನ ಪ್ರಿನ್ಸೆಸ್ ಸ್ಟ್ರೀಟ್‌ನ ಒಂದು ಪುಟ್ಟ ಅಂಗಡಿಯಲ್ಲೇ ತಗೊಂಡೆ. ಕೌಂಟರ್‌ನಲ್ಲಿರುವವರು ಉಡುಪಿ ಕಡೆಯವರು. "ಯಾವುದಕ್ಕಮ್ಮಾ ಬೇಕು?" ಎಂದು ಮೊದಲು ಕೇಳಿದರು. ಆಮೇಲೆ ದಪ್ಪ ಕಣದ 60-120 ಮೆಶ್ ಪಕ್ಕಕ್ಕಿಟ್ಟು, ಅದಕ್ಕಿಂತ ನುಣುಪಾದ 100-200 ಮೆಶ್ ಸಿಲಿಕಾ ಕೊಟ್ಟರು. ಸರಿಯಾದ ಸಲಹೆ. ಗುಗ್ಗುಲ್‌ಸ್ಟೆರೋನ್‌ನ ಇ ಮತ್ತು ಝಡ್ ಎಂಬ ಎರಡು ರೂಪಗಳ ಅಣುಸೂತ್ರ ಒಂದೇ, ಒಂದು ಜೋಡಿಬಂಧದ ಸುತ್ತಲಿನ ಜೋಡಣೆ ಮಾತ್ರ ಬೇರೆ. ದಪ್ಪ ಕಣದ ಸಿಲಿಕಾದಲ್ಲಿ ಎರಡೂ ಬೆರೆತೇ ಇಳಿಯುವುದು ಜಾಸ್ತಿ.

ಕಾಲಮ್‌ನ ತಳದ ಟೆಫ್ಲಾನ್ ನಲ್ಲಿಯಿಂದ ಚೂರೂ ಸೋರುವುದಿಲ್ಲ. ಕಾಲಮ್‌ನಲ್ಲಿ ಹರಿಸುವ ದ್ರಾವಕ ಹೆಕ್ಸೇನ್‌ಗೆ ಈಥೈಲ್ ಅಸಿಟೇಟ್ ಎಂಬ ಇನ್ನೊಂದು ದ್ರಾವಕ ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋದೆ. 254 ನ್ಯಾನೋಮೀಟರ್ ನೇರಳಾತೀತ ದೀಪದಡಿ, ಹಸಿರಾಗಿ ಹೊಳೆಯುವ ಟಿಎಲ್‌ಸಿ ಪ್ಲೇಟಿನ ಮೇಲೆ ಎರಡು ರೂಪಗಳ ಎರಡು ಕಪ್ಪು ಚುಕ್ಕೆ ಬೇರೆಬೇರೆ ಕಂಡವು. ಆ ಖುಷಿ ಹೇಳತೀರದು!

ಪ್ಯಾಕಿಂಗ್ ಮಾತ್ರ ಸರಿಯಿಲ್ಲ. ಗಾಜನ್ನು ಸುಮ್ನೆ ಹಳೇ ಪೇಪರ್‌ನಲ್ಲಿ ಸುತ್ತಿ ಕೊಡುತ್ತಾರೆ. ಲೋಕಲ್‌ನ ನೂಕುನುಗ್ಗಲಲ್ಲಿ ಮಾಟುಂಗಾವರೆಗೆ ತರಬೇಕಲ್ವಾ? ರಾಜಸ್ಥಾನ, ಕಛ್‌ನ ಒಣನೆಲದ ಗುಗ್ಗುಳದ ಪೊದೆ ಅಳಿವಿನಂಚಿನಲ್ಲಿದೆ. ಅದರ ಅಂಟು ಒಂದು ಹನಿಯೂ ಪೋಲಾಗಬಾರದು. ಹಾಗಾಗಿ ಸೋರುವ ಅಗ್ಗದ ಕಾಲಮ್ ತಗೋಬೇಡಿ. ಅಂಗಡಿಗೆ ಹೋಗುವಾಗ ಗಾಜು ಸುತ್ತಿಕೊಳ್ಳಲು ದಪ್ಪ ಟವೆಲ್ ಒಂದು ಚೀಲದಲ್ಲಿರಲಿ.