ಆಟೋಮ್ಯಾಟಿಕ್ ಅಕ್ವಾಪೋನಿಕ್ಸ್ ಹಾಕಿಸೋ ಮುಂಚೆ ಇದನ್ನ ಓದ್ರಿ

ವಿಜಯಪುರ ಜಿಲ್ಲೆಯಲ್ಲಿ ಮೀನು, ಸೊಪ್ಪು ಎರಡೂ ಒಂದೇ ನೀರಲ್ಲಿ ಬೆಳೆಸೋ ಆಟೋಮ್ಯಾಟಿಕ್ ಅಕ್ವಾಪೋನಿಕ್ಸ್ ಮಾರುವವರು ತಿರುಗಾಡ್ತಿದ್ದಾರೆ. ಅಡ್ವಾನ್ಸ್ ಕೊಡಬೇಡ್ರಿ. ನನ್ನ ರೊಕ್ಕ ಹೋಯ್ತು, ಮೀನೂ ಸತ್ತವು. ಈಗ ಇಂಡಿ ಸಂತೆಗೆ ಹೋದ್ರೆ "ಏನ್ರಿ ಸಾವ್ಕಾರ್ರ, ಮೀನ ಹೆಂಗದಾವು?" ಅಂತ ಮಂದಿ ನಗ್ತಾರೆ.

ಮೀನಿನ ಹೊಲಸಿನ ಅಮೋನಿಯಾ ಬ್ಯಾಕ್ಟೀರಿಯಾದಿಂದ ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಬೇಕು, ಗಿಡಕ್ಕೆ ಅದೇ ಗೊಬ್ಬರ. ಆ ಬ್ಯಾಕ್ಟೀರಿಯಾ ಬೆಳೆಯೋಕೆ ಸುಮಾರು 4ರಿಂದ 6 ವಾರ ಬೇಕು. ಇವರು ಪೈಪ್ ಜೋಡಿಸಿದ ದಿನವೇ ತೊಟ್ಟಿ ತುಂಬ ಮರಿ ಬಿಟ್ಟರು. ನೀರು ಅಳೆದು ಮೊಬೈಲ್‌ನಲ್ಲಿ ತೋರಿಸೋ ಒಂದು ಬಾಕ್ಸ್ ಹಚ್ಚಿ ಅಂದ್ರು: "ಎಲ್ಲಾ ಬಾಕ್ಸ್ ನೋಡ್ಕೋತದ ಸರ್, ನೀವು ಮೊಬೈಲ್ ನೋಡ್ರಿ ಸಾಕು."

ನೋಡಿದೆ. ಪಿಎಚ್ (ನೀರು ಹುಳಿಯೋ ಸವಳೋ ಅಂತ ಹೇಳೋ ಅಂಕಿ, 7 ಅಂದ್ರೆ ಎರಡೂ ಅಲ್ಲ) 7.0. ಮರುದಿನವೂ 7.0. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವಾಗಲೂ 7.0! ನಮ್ಮ ಬೋರಿನ ನೀರು ಎಂಥ ಸವಳು ಅಂತ ನನಗೆ ಗೊತ್ತಿಲ್ವಾ? ಪಿಎಚ್ ಅಳೆಯೋ ಕಡ್ಡಿ, ಅಂದ್ರೆ ಪ್ರೋಬ್, ತೆಗೆದು ನಿಂಬೆರಸದ ಲೋಟದಲ್ಲಿ ಅದ್ದಿದೆ. 2ರ ಆಸುಪಾಸು ಬರಬೇಕು. 7.0. ವೈರ್ ಕಿತ್ತೆ. ಆಗಲೂ 7.0 ರೀ! ಪಕ್ಕದಲ್ಲಿ ನಿಂತಿದ್ದ ಅಪ್ಪ ಒಂದು ಮಾತೂ ಆಡದೆ ಎದ್ದುಹೋದ್ರು. ಅಮೋನಿಯಾ ಅಳೆಯೋದು ಅದರಲ್ಲಿ ಇರಲೇ ಇಲ್ಲ. ಪಿಎಚ್ ಏರಿದಷ್ಟೂ, ನೀರು ಕಾದಷ್ಟೂ ಅಮೋನಿಯಾ ಮೀನಿಗೆ ವಿಷ. ನಮ್ಮ ಬ್ಯಾಸಿಗಿ ನಿಮಗೆ ಗೊತ್ತೇ ಇದೆ.

ಅವರ ಉತ್ತರ ಕೇಳ್ರಿ. ಮೊದಲು "ನೆಟ್‌ವರ್ಕ್ ಪ್ರಾಬ್ಲಂ ಸರ್." ಆಮೇಲೆ "ನಿಮ್ಮ ನೀರ ಸರಿ ಇಲ್ರಿ." ನಿಮ್ಮ ಬಾಕ್ಸ್ ಸರಿ ಅಂತ ತೋರಿಸ್ತದಲ್ರೀ ಅಂದೆ. "ಡೆಮೋ ಮೋಡ್‌ನಾಗ ಇರಬೇಕು ಸರ್, ಬದಲಿ ಮಾಡಾಕ ಸರ್ವಿಸ್ ಚಾರ್ಜ್ ಆಗ್ತದ." ಡೆಮೋ ಮೋಡ್! ಪೂರ್ತಿ ರೊಕ್ಕ ಎಣಿಸಿಕೊಂಡಾಗ ಅದೂ ಡೆಮೋ ಇತ್ತೇನು? ಈಗ ನನ್ನ ನಂಬರ್ ಬ್ಲಾಕ್. ಮತ್ಸ್ಯ ಸಂಪದ ಯೋಜನೆಯ ಶೇ 40 ಸಬ್ಸಿಡಿ ಕೊಡಿಸ್ತೀವಿ ಅಂದಿದ್ರು, ಇಲಾಖೆಯಲ್ಲಿ ವಿಚಾರಿಸಿದ್ರೆ ನನ್ನ ಹೆಸರಲ್ಲಿ ಅರ್ಜಿಯೇ ಇಲ್ಲ.

ಹಾಕಿಸಲೇಬೇಕು ಅಂದ್ರೆ ಅವರ ಎದುರಿಗೇ ಪ್ರೋಬ್ ನಿಂಬೆರಸದಲ್ಲಿ ಅದ್ದಿಸ್ರಿ. ಕರೆಂಟ್ ಹೋದಾಗ ಗಾಳಿ ಪಂಪ್ ಯಾತರ ಮೇಲೆ ನಡೀತದ ಅಂತ ಕೇಳ್ರಿ. ಮೀನು ಬಿಡೋ ಮುಂಚೆ ವಿಜಯಪುರದ ಹತ್ತಿರದ ಭೂತನಾಳದ ಮೀನುಗಾರಿಕೆ ಸಂಶೋಧನಾ ಕೇಂದ್ರದವರ ಹತ್ತಿರ ಒಮ್ಮೆ ಮಾತಾಡ್ರಿ.

ಇನ್ನೊಂದು. ಅವರ ಸ್ಟೇಟಸ್‌ನಲ್ಲಿ "ಇಂಡಿ ರೈತರ ಯಶಸ್ಸು" ಅಂತ ಹಚ್ಚಗಿನ ಪಾಲಕ್ ಫೋಟೋ ಓಡ್ತಿದೆಯಲ್ಲ, ಅದು ನನ್ನ ಶೆಡ್ಡು. ಪಾಲಕ್ ಅಲ್ಲಿ ಬೆಳೆದದ್ದಲ್ಲ, ಫೋಟೋ ತೆಗೆಯೋಕೆ ಅವರೇ ನರ್ಸರಿಯಿಂದ ತಂದು ಇಟ್ಟದ್ದು.